ವಾಚ್ ತೋರಿಸುವ 5 ಕಿಲೋಮೀಟರ್ ನಿಜಕ್ಕೂ 5 ಕಿಲೋಮೀಟರೇ? ನೀವೇ ಪರೀಕ್ಷಿಸಿ ನೋಡಿ

'ದಿನಕ್ಕೆ 10,000 ಹೆಜ್ಜೆ ನಡೆದರೆ 8 ಕಿಲೋಮೀಟರ್ ಆಗುತ್ತದೆ' ಎಂಬ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಕೆಳಗೆ ಯಾರಾದರೂ ತಮ್ಮ ವಾಚಿನ ಸ್ಕ್ರೀನ್‌ಶಾಟ್ ಹಾಕಿರುತ್ತಾರೆ, ಇನ್ನೊಬ್ಬರು ಚಪ್ಪಾಳೆಯ ಇಮೋಜಿ ಹಾಕಿರುತ್ತಾರೆ. ಆದರೆ ಒಂದು ಸಣ್ಣ ಭಾಗಾಕಾರ ಮಾಡಿ ನೋಡಿ. 10,000 ಹೆಜ್ಜೆಗೆ 8 ಕಿಲೋಮೀಟರ್ ಆಗಬೇಕಾದರೆ ಒಂದೊಂದು ಹೆಜ್ಜೆಯೂ 80 ಸೆಂಟಿಮೀಟರ್ ಇರಬೇಕು. ನಡಿಗೆಯ ಹೆಜ್ಜೆಯ ಉದ್ದ ಗಂಡಸರಲ್ಲಿ ಎತ್ತರದ ಶೇ 41.5ರಷ್ಟು, ಹೆಂಗಸರಲ್ಲಿ ಶೇ 41.3ರಷ್ಟು ಎಂಬುದು ಬಹಳ ಕಡೆ ಬಳಕೆಯಲ್ಲಿರುವ ಅಂದಾಜು. ಆ ಲೆಕ್ಕದಲ್ಲಿ 80 ಸೆಂಟಿಮೀಟರ್ ಹೆಜ್ಜೆ ಹಾಕಲು ಗಂಡಸೊಬ್ಬ ಸುಮಾರು 6 ಅಡಿ 4 ಇಂಚು ಎತ್ತರ ಇರಬೇಕಾಗುತ್ತದೆ!

5 ಅಡಿ 7 ಇಂಚಿನ ಗಂಡಸಿಗೆ ಅದೇ 10,000 ಹೆಜ್ಜೆ ಸುಮಾರು 7 ಕಿಲೋಮೀಟರ್. 5 ಅಡಿಯ ಹೆಂಗಸಿಗೆ ಸುಮಾರು 6.3 ಕಿಲೋಮೀಟರ್. ಹಾಗಾಗಿ ಫಾರ್ವರ್ಡ್‌ನಲ್ಲಿರುವ ಲೆಕ್ಕ ನಮ್ಮಲ್ಲಿ ಹೆಚ್ಚಿನವರಿಗೆ ಹೊಂದುವುದಿಲ್ಲ. ಸರಿ, ಫಾರ್ವರ್ಡ್ ಬಿಡೋಣ. ಕೈಯಲ್ಲಿರುವ ವಾಚ್ ತೋರಿಸುವ ದೂರ ಎಷ್ಟು ನಿಜ? ಅದನ್ನು ತಿಳಿಯಲು ಯಾವ ಲ್ಯಾಬೂ ಬೇಕಿಲ್ಲ. ಒಂದು ಬೆಳಗ್ಗೆ, ಒಂದು ಅಳತೆಯ ಜಾಗ, ಒಂದು ಚೀಟಿ ಸಾಕು.

ವಾಚ್ ಏನನ್ನು ಅಳೆಯುತ್ತದೆ?

ಮೊದಲು ಗೊತ್ತಿರಬೇಕಾದ್ದು: ಫಿಟ್‌ನೆಸ್ ಬ್ಯಾಂಡ್ ದಿನವಿಡೀ ತೋರಿಸುವ ದೂರವನ್ನು ಅದು ನೇರವಾಗಿ ಅಳೆದಿರುವುದಿಲ್ಲ. ಅದರೊಳಗೆ ಆಕ್ಸಿಲರೋಮೀಟರ್ ಎಂಬ ಅತಿಚಿಕ್ಕ ಸೆನ್ಸರ್ ಇರುತ್ತದೆ. ನಿಮ್ಮ ಕೈ ಹಿಂದೆ ಮುಂದೆ ಆಡುವಾಗ, ಕಾಲು ನೆಲಕ್ಕೆ ತಾಗಿದಾಗ ಮೈಯಲ್ಲಿ ಆಗುವ ಕುಲುಕಾಟವನ್ನು ಅದು ಗುರುತಿಸುತ್ತದೆ. ಒಂದೇ ಲಯದಲ್ಲಿ ಮತ್ತೆ ಮತ್ತೆ ಬರುವ ಕುಲುಕನ್ನು ಸಾಫ್ಟ್‌ವೇರ್ 'ಹೆಜ್ಜೆ' ಎಂದು ಎಣಿಸುತ್ತದೆ. ಬಳಿಕ ಆ ಎಣಿಕೆಯನ್ನು ನಿಮ್ಮ ಹೆಜ್ಜೆಯ ಉದ್ದದಿಂದ ಗುಣಿಸಿ ದೂರ ಎಂದು ತೋರಿಸುತ್ತದೆ. ಹೆಜ್ಜೆಯ ಉದ್ದ ಅದಕ್ಕೆ ಹೇಗೆ ಗೊತ್ತು? ಗೊತ್ತಿಲ್ಲ. ಆಪ್‌ನಲ್ಲಿ ನೀವು ತುಂಬಿಸಿದ ಎತ್ತರ ನೋಡಿ ಅಂದಾಜು ಮಾಡಿರುತ್ತದೆ.

ಅಂದರೆ ಇಲ್ಲಿ ಎರಡು ತಪ್ಪುಗಳು ಸೇರಬಹುದು. ಒಂದು ಎಣಿಕೆಯಲ್ಲಿ, ಇನ್ನೊಂದು ಹೆಜ್ಜೆಯ ಉದ್ದದಲ್ಲಿ. ಎಣಿಕೆ ಸರಿಯಿದ್ದೂ ದೂರ ತಪ್ಪಾಗಬಹುದು.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದೇ ಇದು. ಮಗ ಅಮ್ಮನಿಗೆ ಬ್ಯಾಂಡ್ ತಂದುಕೊಡುತ್ತಾನೆ. ಸೆಟಪ್ ಮಾಡುವಾಗ ಅವಸರದಲ್ಲಿ ತನ್ನ ಎತ್ತರವನ್ನೇ ಹಾಕುತ್ತಾನೆ, ಇಲ್ಲವೇ ಆಪ್‌ನಲ್ಲಿ ಮೊದಲೇ ಇದ್ದ ಸಂಖ್ಯೆಗೆ 'ಓಕೆ' ಒತ್ತುತ್ತಾನೆ. ಮಗ 5 ಅಡಿ 7 ಇಂಚು, ಅಮ್ಮ 5 ಅಡಿ. ಹೆಜ್ಜೆಯ ಲೆಕ್ಕದಲ್ಲಿ ಸುಮಾರು ಶೇ 12ರಷ್ಟು ವ್ಯತ್ಯಾಸ ಅಲ್ಲಿಗೇ ಸೇರಿತು. ಅಮ್ಮ ನಡೆದದ್ದು 3 ಕಿಲೋಮೀಟರ್ ಆದರೆ ಬ್ಯಾಂಡ್ 3.36 ಎನ್ನುತ್ತದೆ. ಸಕ್ಕರೆ ಕಾಯಿಲೆ ಇರುವವರು 'ದಿನಾ ಇಷ್ಟು ನಡೆದರೂ ಶುಗರ್ ಇಳಿಯುತ್ತಿಲ್ಲವಲ್ಲ' ಎಂದು ಕೊರಗುವ ಮೊದಲು ಆಪ್ ತೆರೆದು ಎತ್ತರದ ಕಾಲಂ ನೋಡುವುದು ಒಳ್ಳೆಯದು. ಎರಡು ನಿಮಿಷದ ಕೆಲಸ.

ಜಿಪಿಎಸ್ ಇದ್ದರೆ ಪಕ್ಕಾ ಅಲ್ಲವೇ?

'ನನ್ನ ವಾಚಿನಲ್ಲಿ ಜಿಪಿಎಸ್ ಇದೆ, ಅದು ಉಪಗ್ರಹದಿಂದ ಅಳೆಯುತ್ತದೆ' ಎನ್ನುವವರಿದ್ದಾರೆ. ಮಾತು ಅರ್ಧ ಸರಿ. ಹೆಚ್ಚಿನ ವಾಚ್‌ಗಳಲ್ಲಿ ಜಿಪಿಎಸ್ ಸದಾ ಆನ್ ಆಗಿರುವುದಿಲ್ಲ, ಹಾಗಿದ್ದರೆ ಬ್ಯಾಟರಿ ಬೇಗ ಖಾಲಿಯಾಗಿಬಿಡುತ್ತದೆ. ನೀವು 'ಔಟ್‌ಡೋರ್ ವಾಕ್' ಎಂಬಂಥ ಆಯ್ಕೆಯನ್ನು ಒತ್ತಿ ಶುರು ಮಾಡಿದಾಗ ಮಾತ್ರ ಅದು ಕೆಲಸಕ್ಕೆ ಇಳಿಯುತ್ತದೆ. ಇನ್ನು ಕಡಿಮೆ ಬೆಲೆಯ ಎಷ್ಟೋ ಬ್ಯಾಂಡ್‌ಗಳಲ್ಲಿ ಸ್ವಂತ ಜಿಪಿಎಸ್ ಇರುವುದೇ ಇಲ್ಲ. ಜೊತೆಗಿರುವ ಫೋನಿನ ಜಿಪಿಎಸ್ ಅನ್ನು ಎರವಲು ಪಡೆಯುತ್ತವೆ. ಫೋನ್ ಮನೆಯಲ್ಲೇ ಬಿಟ್ಟು ಹೋದರೆ ಮತ್ತದೇ ಹೆಜ್ಜೆ ಗುಣಿಸುವ ಲೆಕ್ಕ.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಸಿಗ್ನಲ್ ಬರಲು ಹಿಡಿದ ಸಮಯದಿಂದ ನಿಮ್ಮ ಜಾಗವನ್ನು ಲೆಕ್ಕ ಹಾಕಲಾಗುತ್ತದೆ. ಸಿಗ್ನಲ್ ಬೆಳಕಿನ ವೇಗದಲ್ಲಿ ಬರುವುದರಿಂದ ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ 300 ಮೀಟರ್ ವ್ಯತ್ಯಾಸ. ಅಷ್ಟು ಸೂಕ್ಷ್ಮವಾಗಿ ಕೆಲಸ ಮಾಡುವ ವ್ಯವಸ್ಥೆಯೂ ಸ್ಮಾರ್ಟ್‌ಫೋನಿನಲ್ಲಿ, ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ ಸುಮಾರು 4.9 ಮೀಟರ್‌ನಷ್ಟು ಆಚೀಚೆ ಆಗಬಹುದು ಎಂದು ಅಮೆರಿಕ ಸರ್ಕಾರದ ಜಿಪಿಎಸ್ ಜಾಲತಾಣವೇ ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ, ದಟ್ಟ ಮರಗಳ ಕೆಳಗೆ ಇದು ಇನ್ನೂ ಹೆಚ್ಚುತ್ತದೆ. ಸಿಗ್ನಲ್ ಗೋಡೆಗೆ ಬಡಿದು ತಿರುಗಿ ಬಂದರೆ ನೀವು ಫುಟ್‌ಪಾತ್ ಮೇಲಿದ್ದರೂ ಮ್ಯಾಪಿನಲ್ಲಿ ಎದುರು ಮನೆಯ ಟೆರೇಸಿನ ಮೇಲೆ ನಡೆದಂತೆ ಗೆರೆ ಬರುತ್ತದೆ.

ಇದರಿಂದ ಒಂದು ಕುತೂಹಲದ ಪರಿಣಾಮವಿದೆ. ನೀವು ನೆಟ್ಟಗೆ ನಡೆದರೂ ಜಿಪಿಎಸ್ ಗುರುತಿಸುವ ಚುಕ್ಕೆಗಳು ಗೆರೆಯ ಆಚೆಗೊಮ್ಮೆ ಈಚೆಗೊಮ್ಮೆ ಬೀಳುತ್ತವೆ. ಅವನ್ನು ಸೇರಿಸಿದಾಗ ಅಂಕುಡೊಂಕಾದ ಗೆರೆಯಾಗುತ್ತದೆ, ಅದು ನೇರ ಗೆರೆಗಿಂತ ಉದ್ದ. ಜಿಪಿಎಸ್‌ನ ಈ ತಪ್ಪು ದೂರವನ್ನು ಸಾಮಾನ್ಯವಾಗಿ ಹೆಚ್ಚೇ ತೋರಿಸುತ್ತದೆ ಎಂಬುದನ್ನು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದ ಪೀಟರ್ ರಾನಾಖರ್ ಮತ್ತು ಸಂಗಡಿಗರು 2016ರಲ್ಲಿ ಗಣಿತದ ಮೂಲಕ ತೋರಿಸಿದರು. ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ಬ್ಯಾಟರಿ ಉಳಿಸುವ ಮೋಡ್‌ನಲ್ಲಿ ವಾಚ್ ಚುಕ್ಕೆಗಳನ್ನು ಅಪರೂಪಕ್ಕೆ ಗುರುತಿಸುತ್ತದೆ. ಆಗ ಚಿಕ್ಕ ಪಾರ್ಕಿನ ತಿರುವುಗಳನ್ನೆಲ್ಲ ಅಡ್ಡ ಕತ್ತರಿಸಿಬಿಡುತ್ತದೆ, ದೂರ ಕಡಿಮೆ ಬರುತ್ತದೆ.

ಮ್ಯಾರಥಾನ್‌ನಂಥ ಅಧಿಕೃತ ಓಟಗಳ ಮಾರ್ಗವನ್ನು ಜಿಪಿಎಸ್‌ನಿಂದ ಅಳೆಯದಿರುವುದು ಈ ಕಾರಣಕ್ಕೇ. ಸೈಕಲ್ಲಿನ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಎಣಿಕೆಯ ಉಪಕರಣ ಕೂರಿಸಿ, ಟೇಪಿನಿಂದ ಅಳೆದ ದೂರದ ಮೇಲೆ ಅದನ್ನು ಹೊಂದಿಸಿಕೊಂಡು, ಆಮೇಲೆ ಮಾರ್ಗವನ್ನು ಅಳೆಯುತ್ತಾರೆ. ಮಾರ್ಗ ಚಿಕ್ಕದಾಗಬಾರದು ಎಂದು ಕಿಲೋಮೀಟರಿಗೆ 1 ಮೀಟರ್ ಹೆಚ್ಚಾಗಿಯೇ ಸೇರಿಸುತ್ತಾರೆ. 10 ಕಿಲೋಮೀಟರ್ ಓಟ ಮುಗಿಸಿ 'ನನ್ನ ವಾಚಿನಲ್ಲಿ 10.2 ಬಂತು, ಮಾರ್ಗವೇ ತಪ್ಪು' ಎಂದು ಆಯೋಜಕರೊಡನೆ ಜಗಳಕ್ಕೆ ನಿಲ್ಲುವವರು ಇದನ್ನು ಗಮನಿಸಬೇಕು.

ಪರೀಕ್ಷೆಗೆ ಜಾಗ ಎಲ್ಲಿ?

ಎಲ್ಲಕ್ಕಿಂತ ಒಳ್ಳೆಯದು 400 ಮೀಟರ್‌ನ ಅಥ್ಲೆಟಿಕ್ ಟ್ರ್ಯಾಕ್. ಬೆಂಗಳೂರಿನ ಕಂಠೀರವ, ಮಂಗಳೂರಿನ ಮಂಗಳಾ ಕ್ರೀಡಾಂಗಣಗಳಲ್ಲಿ ಇಂಥ ಟ್ರ್ಯಾಕ್ ಇದೆ. ನಿಮ್ಮ ಜಿಲ್ಲಾ ಕ್ರೀಡಾಂಗಣದಲ್ಲೂ ವಿಚಾರಿಸಿ. ಆದರೆ ಒಂದು ಎಚ್ಚರಿಕೆ. 400 ಮೀಟರ್ ಎಂಬುದು ಅತ್ಯಂತ ಒಳಗಿನ ಮೊದಲ ಲೇನಿಗೆ ಮಾತ್ರ, ಅದೂ ಒಳ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅಳೆದದ್ದು. ಪ್ರತಿ ಲೇನ್ 1.22 ಮೀಟರ್ ಅಗಲ. ಎರಡನೇ ಲೇನಿನಲ್ಲಿ ಒಂದು ಸುತ್ತು ಸುಮಾರು 407 ಮೀಟರ್, ಎಂಟನೇ ಲೇನಿನಲ್ಲಿ ಸುಮಾರು 453 ಮೀಟರ್. ಅಭ್ಯಾಸ ಮಾಡುವ ಓಟಗಾರರಿಗೆ ಅಡ್ಡಿಯಾಗದಿರಲಿ ಎಂದು ವಾಕಿಂಗ್‌ನವರನ್ನು ಹೊರಗಿನ ಲೇನಿಗೆ ಕಳಿಸುವುದುಂಟು. ಅಲ್ಲಿ ಐದು ಸುತ್ತು ಹಾಕಿ '2 ಕಿಲೋಮೀಟರ್ ನಡೆದೆ, ವಾಚ್ ಮಾತ್ರ 2.26 ತೋರಿಸುತ್ತಿದೆ' ಎಂದರೆ ತಪ್ಪು ವಾಚಿನದ್ದಲ್ಲ.

ಬಡಾವಣೆಯ ಪಾರ್ಕಿನಲ್ಲಿ '1 ಸುತ್ತು = 500 ಮೀ.' ಎಂಬ ಬೋರ್ಡ್ ಇದ್ದರೆ ಅದನ್ನು ಅಷ್ಟಾಗಿ ನಂಬಬೇಡಿ ಎಂಬುದು ನಮ್ಮ ಸಲಹೆ. ಅದು ಕಾಲುದಾರಿಯ ಒಳ ಅಂಚೋ ಹೊರ ಅಂಚೋ ಎಂದು ಬೋರ್ಡ್ ಹೇಳುವುದಿಲ್ಲ. ದಾರಿ 3 ಮೀಟರ್ ಅಗಲವಿದ್ದು ತಿರುವುಗಳು ದುಂಡಗಿದ್ದರೆ, ಒಳ ಅಂಚಿಗೂ ಹೊರ ಅಂಚಿಗೂ ಒಂದು ಸುತ್ತಿಗೆ ಸುಮಾರು 19 ಮೀಟರ್ ವ್ಯತ್ಯಾಸ ಬರುತ್ತದೆ. ಪಾರ್ಕ್ ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಈ 19 ಮೀಟರ್ ಬದಲಾಗುವುದಿಲ್ಲ, ಅದು ವೃತ್ತದ ಗುಣ. 500 ಮೀಟರಿನ ಸುತ್ತಿನಲ್ಲಿ ಅದು ಹತ್ತಿರ ಹತ್ತಿರ ಶೇ 4 ಆಯಿತು.

ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನಂಬಿ ನಡೆಯುವುದೂ ಬೇಡ. ರಸ್ತೆ ಅಗಲ ಮಾಡುವಾಗ, ತಿರುವು ನೇರ ಮಾಡುವಾಗ ಕಲ್ಲಿನ ಲೆಕ್ಕ ತಪ್ಪಿರಬಹುದು; ಅದಕ್ಕಿಂತ ಮುಖ್ಯವಾಗಿ, ಲಾರಿಗಳ ಪಕ್ಕ ವಾಚ್ ನೋಡುತ್ತಾ ನಡೆಯುವುದು ಅಪಾಯ.

ಟ್ರ್ಯಾಕ್ ಇಲ್ಲದ ಊರಿನವರು ಚಿಂತಿಸಬೇಕಿಲ್ಲ. ಕಟ್ಟಡ ಕೆಲಸದ ಮೇಸ್ತ್ರಿಯ ಬಳಿ 30 ಮೀಟರಿನ ಟೇಪ್ ಇರುತ್ತದೆ. ವಾಹನ ಓಡಾಡದ ನೇರ ರಸ್ತೆಯಲ್ಲಿ ಅದನ್ನು ಏಳು ಬಾರಿ ಬಿಗಿಯಾಗಿ ಹಿಡಿದು ಅಳೆದರೆ 210 ಮೀಟರ್. ಎರಡು ತುದಿಯಲ್ಲೂ ಸುಣ್ಣದ ಗುರುತು ಹಾಕಿ. ಟೇಪೂ ಸಿಗದಿದ್ದರೆ ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಜಾಗವನ್ನು ಒತ್ತಿ ಹಿಡಿದಾಗ ಬರುವ ಪಟ್ಟಿಯಲ್ಲಿ ದೂರ ಅಳೆಯುವ ಆಯ್ಕೆ ಇದೆ. ಸ್ಯಾಟಲೈಟ್ ನೋಟದಲ್ಲಿ ನೇರವಾದ ರಸ್ತೆ ಆರಿಸಿಕೊಂಡರೆ ಈ ಪರೀಕ್ಷೆಗೆ ಅದು ಸಾಕು.

ಅಪಾರ್ಟ್‌ಮೆಂಟ್ ಕಾರಿಡಾರಿನಲ್ಲಿ ಟೈಲ್ಸ್ ಎಣಿಸುವ ಉಪಾಯವೂ ಇದೆ. ಅಂಗಡಿಯಲ್ಲಿ '2 ಅಡಿ' ಎಂದು ಮಾರುವ ಟೈಲ್ ಸಾಮಾನ್ಯವಾಗಿ 60 ಸೆಂಟಿಮೀಟರ್ ಇರುತ್ತದೆ. ನಿಜವಾದ 2 ಅಡಿ ಎಂದರೆ 60.96 ಸೆಂಟಿಮೀಟರ್. ಅಡಿಯ ಲೆಕ್ಕ ಹಿಡಿದರೆ ಶೇ 1.6 ತಪ್ಪು ನಿಮ್ಮದೇ ಆಗಿಬಿಡುತ್ತದೆ, ಹಾಗಾಗಿ ಸೆಂಟಿಮೀಟರಿನಲ್ಲೇ ಲೆಕ್ಕ ಹಾಕಿ.

ಪರೀಕ್ಷೆ ಮಾಡುವ ಕ್ರಮ

ಮೊದಲು ಎಣಿಕೆಯನ್ನು ಪರೀಕ್ಷಿಸಿ. ವಾಚಿನಲ್ಲಿ ಈಗಿರುವ ಹೆಜ್ಜೆಯ ಸಂಖ್ಯೆ ಬರೆದುಕೊಳ್ಳಿ. ಎಂದಿನಂತೆ ಕೈಬೀಸಿ ನಡೆಯುತ್ತಾ ಮನಸ್ಸಿನಲ್ಲೇ 500 ಹೆಜ್ಜೆ ಎಣಿಸಿ. ಎಣಿಕೆ ತಪ್ಪದಿರಲು ಐದು ಹುಣಸೆ ಬೀಜವನ್ನು ಒಂದು ಜೇಬಿನಲ್ಲಿಟ್ಟುಕೊಂಡು, ನೂರಾದಾಗಲೆಲ್ಲ ಒಂದನ್ನು ಇನ್ನೊಂದು ಜೇಬಿಗೆ ಹಾಕಿ. ನಿಂತ ಮೇಲೆ ಒಂದು ನಿಮಿಷ ಬಿಟ್ಟು ವಾಚ್ ನೋಡಿ. ಕೆಲವು ವಾಚ್‌ಗಳು ಸಂಖ್ಯೆಯನ್ನು ತಡವಾಗಿ ಬದಲಿಸುತ್ತವೆ. ಹೆಜ್ಜೆ ಎಣಿಸುವ ಉಪಕರಣಗಳಿಗೆ ಜಪಾನಿನ ಕೈಗಾರಿಕಾ ಮಾನದಂಡ 100 ಹೆಜ್ಜೆಗೆ 3 ಹೆಜ್ಜೆಯ ತಪ್ಪನ್ನು ಮಾತ್ರ ಒಪ್ಪುತ್ತಿತ್ತು. ಆ ಅಳತೆಗೋಲಿನಲ್ಲಿ 500ಕ್ಕೆ 485ರಿಂದ 515ರೊಳಗೆ ಬಂದರೆ ನಿಮ್ಮ ವಾಚ್ ಪಾಸ್.

ಆಮೇಲೆ ದೂರ. ಮೊದಲ ಲೇನಿನಲ್ಲಿ ಐದು ಸುತ್ತು ಅಂದರೆ 2,000 ಮೀಟರ್ ನಡೆಯಿರಿ. ವಾಚ್ 2.18 ಕಿಲೋಮೀಟರ್ ತೋರಿಸಿತು ಎಂದುಕೊಳ್ಳೋಣ. ಹೆಚ್ಚು ಬಂದ 180 ಮೀಟರನ್ನು 2,000ದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ 9. ಆ ವಾಚ್ ದೂರವನ್ನು ಶೇ 9 ಹೆಚ್ಚು ತೋರಿಸುತ್ತಿದೆ. ಶೇ 5ರ ಒಳಗಿದ್ದರೆ ದಿನದ ವಾಕಿಂಗಿಗೆ ತೃಪ್ತಿಪಡಬಹುದು ಎಂಬುದು ನಮ್ಮ ಅಭಿಪ್ರಾಯ.

ಒಂದೇ ಸಲ ಮಾಡಿ ತೀರ್ಪು ಕೊಡಬೇಡಿ. ಬೇರೆ ಬೇರೆ ದಿನ ಮೂರು ಸಲವಾದರೂ ಮಾಡಿ. ಕಾರಣ ಇಷ್ಟೇ: ಪ್ರತಿ ಕಿಲೋಗೂ 50 ಗ್ರಾಂ ಹೆಚ್ಚು ತೋರಿಸುವ ತಕ್ಕಡಿಯ ಗುಣ ಗೊತ್ತಾದರೆ ಅದನ್ನಿಟ್ಟುಕೊಂಡೇ ವ್ಯಾಪಾರ ನಡೆಸಬಹುದು. ಒಂದು ಸಲ 50 ಗ್ರಾಂ ಹೆಚ್ಚು, ಇನ್ನೊಂದು ಸಲ 80 ಗ್ರಾಂ ಕಡಿಮೆ ತೋರಿಸುವ ತಕ್ಕಡಿಯಿಂದ ಏನೂ ಮಾಡಲಾಗದು. ಮೂರು ಸಲವೂ ಶೇ 8, 9, 9 ಎಂದು ಬಂದರೆ ನಿಮ್ಮ ವಾಚ್ ಮೊದಲ ಜಾತಿಯದು. ಅದು ತೋರಿಸುವ ದೂರವನ್ನು 0.92ರಿಂದ ಗುಣಿಸಿಕೊಂಡರೆ ನಿಜದ ಹತ್ತಿರ ಬರುತ್ತೀರಿ. ಶೇ 9 ಹೆಚ್ಚು, ಶೇ 6 ಕಡಿಮೆ, ಶೇ 2 ಹೆಚ್ಚು ಎಂದು ಬಂದರೆ ದೂರದ ಕಾಲಂ ಅನ್ನು ಮರೆತುಬಿಡಿ.

ಸಾಧ್ಯವಾದರೆ ಒಂದು ಸಲ ಜಿಪಿಎಸ್ ಆನ್ ಮಾಡಿ, ಒಂದು ಸಲ ಆಫ್ ಮಾಡಿ ನಡೆಯಿರಿ. ತಪ್ಪು ಎಲ್ಲಿಂದ ಬರುತ್ತಿದೆ ಎಂಬುದು ಆಗ ಗೊತ್ತಾಗುತ್ತದೆ.

ತಪ್ಪು ಹೆಜ್ಜೆಯ ಉದ್ದದಲ್ಲಿದ್ದರೆ ಸರಿಪಡಿಸುವುದು ಸುಲಭ. ಗಾರ್ಮಿನ್‌ನಂಥ ಕೆಲವು ಕಂಪನಿಗಳ ಆಪ್‌ಗಳಲ್ಲಿ ನಿಮ್ಮದೇ ಹೆಜ್ಜೆಯ ಉದ್ದವನ್ನು ತುಂಬಿಸಬಹುದು. ನೀವು 400 ಮೀಟರನ್ನು 640 ಹೆಜ್ಜೆಯಲ್ಲಿ ನಡೆದಿದ್ದರೆ ಒಂದು ಹೆಜ್ಜೆ 62.5 ಸೆಂಟಿಮೀಟರ್. ಇಂಗ್ಲಿಷಿನಲ್ಲಿ 'ಸ್ಟ್ರೈಡ್' ಎಂಬ ಪದವನ್ನು ಕೆಲವರು ಒಂದು ಹೆಜ್ಜೆಗೂ ಕೆಲವರು ಎರಡು ಹೆಜ್ಜೆಗೂ ಬಳಸುತ್ತಾರೆ. ಹಾಗಾಗಿ ಆಪ್‌ನಲ್ಲಿ ಮೊದಲೇ ಇರುವ ಸಂಖ್ಯೆ ನೋಡಿ: ಎಪ್ಪತ್ತರ ಆಸುಪಾಸಿನಲ್ಲಿದ್ದರೆ ಒಂದು ಹೆಜ್ಜೆ, ನೂರನಲವತ್ತರ ಆಸುಪಾಸಿನಲ್ಲಿದ್ದರೆ ಎರಡು. ಆಪಲ್ ವಾಚ್‌ನಲ್ಲಿ ಕ್ರಮ ಬೇರೆ. ಸಮತಟ್ಟಾದ ಬಯಲಿನಲ್ಲಿ ವರ್ಕೌಟ್ ಆಪ್ ಹಾಕಿಕೊಂಡು ಸುಮಾರು 20 ನಿಮಿಷ ಎಂದಿನ ವೇಗದಲ್ಲಿ ನಡೆದರೆ ಅದು ತಾನೇ ನಿಮ್ಮ ಹೆಜ್ಜೆಯನ್ನು ಕಲಿತುಕೊಳ್ಳುತ್ತದೆ.

ನಡೆದರೂ ಲೆಕ್ಕಕ್ಕೆ ಬಾರದವರು

ಕೈ ಆಡದಿದ್ದರೆ ಕೈಯಲ್ಲಿರುವ ವಾಚಿಗೆ ಹೆಜ್ಜೆ ಗೊತ್ತಾಗುವುದು ಕಷ್ಟ. ಸೂಪರ್‌ಮಾರ್ಕೆಟ್ಟಿನ ಟ್ರಾಲಿ ತಳ್ಳುವಾಗ, ಮಗುವನ್ನು ಎತ್ತಿಕೊಂಡಾಗ, ಟ್ರೆಡ್‌ಮಿಲ್‌ನ ಕಂಬಿ ಹಿಡಿದಾಗ, ಕೈ ಹಿಂದೆ ಕಟ್ಟಿಕೊಂಡು ನಡೆಯುವ ಹಿರಿಯರಲ್ಲಿ ಎಣಿಕೆ ಕಡಿಮೆಯಾಗಬಹುದು. ಅಡುಗೆಮನೆಯಲ್ಲಿ ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಫ್ರಿಡ್ಜಿಗೆ ಹಾಕುವ ನಾಲ್ಕೈದು ಹೆಜ್ಜೆಗಳನ್ನೂ ಎಷ್ಟೋ ವಾಚ್‌ಗಳು ಬಿಟ್ಟುಬಿಡುತ್ತವೆ, ಏಕೆಂದರೆ ಒಂದೇ ಲಯದ ಕುಲುಕು ಸ್ವಲ್ಪ ಹೊತ್ತು ಬಂದರೆ ಮಾತ್ರ ಅವು ನಡಿಗೆ ಎಂದು ಒಪ್ಪುತ್ತವೆ. ಇನ್ನೊಂದೆಡೆ ಚಪಾತಿ ಹಿಟ್ಟು ನಾದುವಾಗ, ಭಜನೆಯಲ್ಲಿ ತಾಳ ಹಾಕುವಾಗ, ಹೊಂಡದ ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗ ಇಲ್ಲದ ಹೆಜ್ಜೆಗಳು ಸೇರಿಕೊಳ್ಳಬಹುದು.

ಮೆಟ್ಟಿಲಿನ ವಿಷಯವೂ ಹಾಗೆಯೇ. ಚಾಮುಂಡಿ ಬೆಟ್ಟದ ಸಾವಿರದಷ್ಟು ಮೆಟ್ಟಿಲು ಹತ್ತುವಾಗ ಹೆಜ್ಜೆ ಗುಣಿಸುವ ಬ್ಯಾಂಡ್ ಪ್ರತಿ ಮೆಟ್ಟಿಲಿಗೂ ಸಮತಟ್ಟಿನ ಹೆಜ್ಜೆಯ ಉದ್ದವನ್ನೇ ಹಿಡಿಯುತ್ತದೆ. ದೂರ ತಪ್ಪು, ಶ್ರಮವಂತೂ ಆ ದೂರದಲ್ಲಿ ಕಾಣಿಸುವುದೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗುವುದು ನಿಧಾನವಾಗಿ ನಡೆಯುವವರಿಗೆ. ಗಂಟೆಗೆ 3 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಕುಲುಕು ಸಣ್ಣದಾಗುತ್ತದೆ, ಎಣಿಕೆ ತಪ್ಪುವುದು ಹೆಚ್ಚಾಗುತ್ತದೆ. ಊರುಗೋಲು ಅಥವಾ ವಾಕರ್ ಹಿಡಿದು ನಡೆಯುವ ಅಜ್ಜ ಅಂಗಳದಲ್ಲಿ ಅರ್ಧ ಗಂಟೆ ಓಡಾಡಿರುತ್ತಾರೆ, ಬೇರೆ ಊರಿನಲ್ಲಿರುವ ಮಗಳ ಫೋನಿನಲ್ಲಿ ಮಾತ್ರ '212 ಹೆಜ್ಜೆ' ಎಂದು ಬರುತ್ತದೆ. 'ಅಪ್ಪಾ, ಇವತ್ತೂ ನಡೆದಿಲ್ಲವಲ್ಲ' ಎಂದು ಗದರುವ ಮೊದಲು ಅವರ ಜೊತೆ ಒಮ್ಮೆ 100 ಹೆಜ್ಜೆ ಎಣಿಸಿ ನೋಡಿ. ಬ್ಯಾಂಡನ್ನು ಕಣಕಾಲಿಗೆ ಕಟ್ಟಿದರೆ ಅಥವಾ ಕಾಲುಚೀಲದೊಳಗೆ ಇಟ್ಟರೆ ಎಣಿಕೆ ಎಷ್ಟೋ ಸುಧಾರಿಸಬಹುದು.

ಆಸ್ಪತ್ರೆಗೆ ವಾಚ್ ಲೆಕ್ಕ ನಡೆಯುತ್ತದೆಯೇ?

ಹೃದಯ ಮತ್ತು ಶ್ವಾಸಕೋಶದ ತೊಂದರೆ ಇರುವವರಿಗೆ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸುವುದುಂಟು. ಅಮೆರಿಕನ್ ಥೊರಾಸಿಕ್ ಸೊಸೈಟಿ 2002ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಳತೆ ಮಾಡಿದ 30 ಮೀಟರ್ ಕಾರಿಡಾರಿನಲ್ಲಿ ರೋಗಿ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ನೋಡುತ್ತಾರೆ. ಇಲ್ಲಿ ಸುಮಾರು 30 ಮೀಟರಿನ ಬದಲಾವಣೆಯನ್ನೇ ಮಹತ್ವದ್ದೆಂದು ಪರಿಗಣಿಸಲಾಗುತ್ತದೆ. ಈಗ ಲೆಕ್ಕ ಹಾಕಿ. 400 ಮೀಟರ್ ನಡೆದಾಗ ವಾಚ್ ಶೇ 10 ತಪ್ಪಿದರೆ ಅದು 40 ಮೀಟರ್. ರೋಗಿ ಸುಧಾರಿಸಿದ್ದಾರೋ ಹಿಂದೆ ಬಿದ್ದಿದ್ದಾರೋ ಎಂಬುದು ಆ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಮನೆಯಲ್ಲಿ ವಾಚ್ ಹಾಕಿಕೊಂಡು ಈ ಪರೀಕ್ಷೆಯನ್ನು ತಾವೇ ಮಾಡಿಕೊಂಡು ಔಷಧಿ ಹೆಚ್ಚು ಕಡಿಮೆ ಮಾಡುವ ಸಾಹಸ ಬೇಡ. ನಡೆಯುವಾಗ ಎದೆನೋವು, ಹೆಚ್ಚಿನ ಉಸಿರಾಟದ ತೊಂದರೆ ಬಂದರೆ ಸಂಖ್ಯೆ ಏನೇ ಇರಲಿ, ನಿಂತು ವೈದ್ಯರನ್ನು ಕಾಣಬೇಕು.

ಇನ್ನು 10,000 ಹೆಜ್ಜೆಯ ಗುರಿ ಎಲ್ಲಿಂದ ಬಂತು? 1965ರಲ್ಲಿ, ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, ಜಪಾನಿನ ಯಮಾಸಾ ಎಂಬ ಕಂಪನಿ 'ಮಾನ್‌ಪೋ-ಕೇ' ಎಂಬ ಹೆಜ್ಜೆ ಎಣಿಕೆಯ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಆ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆಯ ಮೀಟರ್'. ಮಾರಾಟಕ್ಕೆ ಇಟ್ಟ ಹೆಸರು ಆಮೇಲೆ ಆರೋಗ್ಯದ ಸೂತ್ರವಾಗಿ ಹರಡಿತು. 2019ರಲ್ಲಿ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ 16,741 ಮಹಿಳೆಯರ ಹೆಜ್ಜೆಗಳನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ ಇತ್ತು. ಸುಮಾರು 7,500 ಹೆಜ್ಜೆಯ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಇದು ನಂಟು ತೋರಿಸುವ ಅಧ್ಯಯನ, ಹೆಜ್ಜೆಯೇ ಏಕೈಕ ಕಾರಣ ಎಂದು ಸಾಬೀತು ಮಾಡುವುದಿಲ್ಲ. ಆದರೂ 10,000 ಮುಟ್ಟಲಿಲ್ಲ ಎಂದು ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಸುತ್ತು ಹಾಕುವವರಿಗೆ ಇದು ಸಮಾಧಾನದ ಸುದ್ದಿ.

ಗಮನಿಸಿ, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಕೊಟ್ಟ ಸಲಹೆಯಲ್ಲಿ ಕಿಲೋಮೀಟರ್ ಇಲ್ಲವೇ ಇಲ್ಲ, ಇರುವುದು ನಿಮಿಷ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ. ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು 100 ಹೆಜ್ಜೆಯ ನಡಿಗೆಯನ್ನು ಮಧ್ಯಮ ಶ್ರಮ ಎಂದು ಸ್ಥೂಲವಾಗಿ ಹಿಡಿಯುತ್ತಾರೆ. ಸಮಯವನ್ನು ಮಾತ್ರ ಅಗ್ಗದ ವಾಚೂ ತಪ್ಪದೆ ತೋರಿಸುತ್ತದೆ. ಪರೀಕ್ಷೆಯಲ್ಲಿ ನಿಮ್ಮ ವಾಚಿನ ದೂರ ಪಾಸಾಗದಿದ್ದರೆ ಇಂದಿನಿಂದ ನಿಮಿಷ ಬರೆದಿಡಿ. ಪಾಸಾದರೆ ಆ ಚೀಟಿಯನ್ನು ಎತ್ತಿಡಿ. ಫೋನ್ ಬದಲಾಯಿಸಿದಾಗ, ಆಪ್ ದೊಡ್ಡದಾಗಿ ಅಪ್‌ಡೇಟ್ ಆದಾಗ, ವಾಚನ್ನು ಎಡಗೈಯಿಂದ ಬಲಗೈಗೆ ಕಟ್ಟಿದಾಗ ಅದೇ ಜಾಗದಲ್ಲಿ ಇನ್ನೊಮ್ಮೆ ನಡೆದು ಹೋಲಿಸಲು ಬೇಕಾಗುತ್ತದೆ.